ಆರಿದ್ದು, ಆರಿಸಿದ್ದು

ಮಂಗಳವಾರ ಡ್ಯೂಟಿ ಇಲ್ಲದ ಸಂಜೆ
ಮಂಡ್ಯದ ಅಶೋಕನಗರ, ಫಿಲೋಮಿನಾ ಟೀಚರ ಮನೆಯ ಜಗಲಿ.
ಇಬ್ಬರು ನರ್ಸಿಂಗ್ ಹುಡುಗಿಯರು, ಕೊರಿಯರ್ ಹಂಚುವ ಅಫ್ಸರ್,
ಪ್ರಮೋಷನ್ ಪರೀಕ್ಷೆಗೆ ಕೂತ ನಾನು.
ನಲವತ್ತಾರು ವರ್ಷದ ಮಂಡಿ
ಮಕ್ಕಳ ಬೆಂಚಿನಡಿ ಹಿಡಿಸುವುದಿಲ್ಲ.

ಕ್ರಿಯಾಪದ ಗೊತ್ತು. ಅದರ ಬಾಲ ಗೊತ್ತಿಲ್ಲ.
ಪುಟ್ ಅಂದರೆ ಇಡು. ಸರಿ.
ಆನ್ ಕಟ್ಟಿದರೆ ತೊಡು, ಆಫ್ ಕಟ್ಟಿದರೆ ಮುಂದೂಡು,
ಅಪ್ ವಿತ್ ಎಂದು ಎರಡೆರಡು ಬಾಲ ಕಟ್ಟಿದರೆ
ಸಹಿಸಿಕೋ.
ಔಟ್ ಕಟ್ಟಿದರೆ ಆರಿಸು.
'ಇದು ನಿಮ್ಮದು, ಜವರಯ್ಯ' ಎಂದರು ಟೀಚರ್,
ತಪ್ಪಿಸಿಕೊಂಡ ಕರುವನ್ನು ಹಿಡಿದು ತಂದೊಪ್ಪಿಸಿದ ಹಾಗೆ.

ಹತ್ತೊಂಬತ್ತು ವರ್ಷ ಅದನ್ನೇ ಮಾಡಿದ್ದೇನೆ ಫೈರ್ ಸ್ಟೇಷನ್ನಿನಲ್ಲಿ.
ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತಾಳೆ,
ಜನ ಎಮ್ಮೆಲ್ಲೆಯನ್ನು ಆರಿಸುತ್ತಾರೆ,
ನಾನು ಬೆಂಕಿ.

ಆದರೆ ಗೋ ಆಫ್?
ಲೈಟು ಗೋ ಆಫ್ ಆದರೆ ಕತ್ತಲೆ,
ಹಾಲು ಗೋ ಆಫ್ ಆದರೆ ಹುಳಿ,
ಅಲಾರಂ ಗೋ ಆಫ್ ಆದರೆ
'ನಿಂತಿತು' ಎಂದು ಬರೆದೆ.
ಟೀಚರ್ ಕೆಂಪು ಶಾಯಿಯಲ್ಲಿ ತಿದ್ದಿದರು: 'ಹೊಡೆಯಿತು.'
ಇದ್ಯಾವ ನ್ಯಾಯ ಕಣಮ್ಮ!
ಹೊಡೆದರೆ ನಾನು ಬೂಟಿಗೆ ಕಾಲು ತುರುಕಬೇಕು,
ನಿಂತರೆ ಮಲಗಬೇಕು.
ಇಂಗ್ಲಿಷಿನ ಠಾಣೆಯಲ್ಲಿ ಕೆಲಸಕ್ಕಿದ್ದರೆ
ಊರು ಉರಿಯುವಾಗ ಮಗ್ಗುಲು ಬದಲಿಸುತ್ತಿದ್ದೆ.

ಮನೆ ಬರ್ನ್ ಅಪ್ ಆದರೂ ಬರ್ನ್ ಡೌನ್ ಆದರೂ
ಒಂದೇ ಅಂತೆ.
ಇದೊಂದನ್ನು ಮಾತ್ರ ವಾದಿಸದೆ ಒಪ್ಪಿದೆ.
ಕಂಡಿದ್ದೇನೆ: ಹೊಗೆ ಮೇಲಕ್ಕೆ, ಹೆಂಚು ಕೆಳಕ್ಕೆ.

'ನಗಬೇಡಿ, ನಮ್ಮದಕ್ಕೂ ಬಾಲವಿದೆ' ಎಂದರು ಟೀಚರ್.
'ನೋಡು. ನೋಡಿಬಿಡು. ನೋಡಿಕೋ.'
ಹೌದು. ಈ ಹುಡುಗಿಯರು ಪೇಷೆಂಟನ್ನು ನೋಡಿಕೊಳ್ಳುತ್ತಾರೆ.
ನಮ್ಮ ಡ್ರೈವರ್ ಸಿದ್ದಪ್ಪಾಜಿ ಆವತ್ತು ರೈಲ್ವೆ ಗೇಟಿನವನಿಗೆ
'ನಿನ್ನ ನೋಡ್ಕೋತೀನಿ ಕನ್ಲಾ' ಎಂದದ್ದು
ಆರೈಕೆಗಲ್ಲ.
ಎಲ್ಲರೂ ನಕ್ಕರು.
ನನ್ನ ನಗು 'ಆವತ್ತು' ಎಂಬಲ್ಲಿ ನಿಂತುಹೋಯಿತು.

ಮನೆಪಾಠ: ನಿಮ್ಮ ಬದುಕಿನಿಂದ ಐದು ವಾಕ್ಯ.
ನಾಲ್ಕು ಸಲೀಸು. ಗೆಟ್ ಅಪ್, ಪುಟ್ ಆನ್,
ಮಗಳ ಫೀಸು ಪುಟ್ ಆಫ್, ಮೇಲಧಿಕಾರಿಯ ಪುಟ್ ಅಪ್ ವಿತ್.
ಐದನೆಯದಕ್ಕೆ ಪೆನ್ನು ಅಲ್ಲಾಡಲಿಲ್ಲ.

ಕೆರಗೋಡಿನ ಆಚೆ ಒಂದು ಆಲೆಮನೆ, ಫೆಬ್ರವರಿ, ಮಟಮಟ ಮಧ್ಯಾಹ್ನ.
ಗೇಟು ಹಾಕಿತ್ತು. ಗೂಡ್ಸ್ ಗಾಡಿಗೆ ಬಾಲವೇ ಇರಲಿಲ್ಲ.
ತಲುಪಿದಾಗ ಸಿಪ್ಪೆಯ ರಾಶಿ ಕುಸಿದು ಕೂತಿತ್ತು,
ಕೊಪ್ಪರಿಗೆಯಲ್ಲಿ ಪಾಕ ಕರೀ ಕಲ್ಲು,
ಮಾಡಿಗೆ ಹೊದಿಸಿದ ಗರಿ ಒಂದೂ ಇಲ್ಲ.
ಅಚ್ಚಿಗೆ ಬೆಲ್ಲ ಹುಯ್ಯುವ ಹೊಂಬಾಳಮ್ಮ
ಬರೀ ಅಚ್ಚು ಹಿಡಿದು ನಿಂತಿದ್ದಳು.
'ಬಂದ್ರಾ?' ಎಂದಳು. ಅಷ್ಟೇ.
ಹೋಸ್ ಬಿಚ್ಚಿ ಬೂದಿಗೆ ನೀರು ಹೊಡೆದೆವು
ಟ್ಯಾಂಕು ಬರಿದಾಗುವ ತನಕ,
ಅವಳ ಕಡೆ ತಿರುಗಬೇಕಾಗಬಾರದಲ್ಲ.

ಠಾಣೆಯ ಪುಸ್ತಕದಲ್ಲಿ: 'ಬೆಂಕಿಯನ್ನು ನಂದಿಸಲಾಯಿತು.'
ಯಾರು ಎಂದು ಕೇಳಿಸಿಕೊಳ್ಳದ ವಾಕ್ಯ,
ಸರ್ಕಾರಿ ಕಂಬಳಿ, ಎಲ್ಲರ ಕಾಲನ್ನೂ ಮುಚ್ಚುತ್ತದೆ.
ಬರೆದವನು ನಾನೇ.

ರಾತ್ರಿ ಹನ್ನೊಂದಕ್ಕೆ, ಮೊದಲು ಕನ್ನಡದ ಅಕ್ಷರದಲ್ಲಿ,
ಆಮೇಲೆ ಅವರದರಲ್ಲಿ:
ದ ಫೈರ್ ವೆಂಟ್ ಔಟ್. ವಿ ಡಿಡ್ ನಾಟ್ ಪುಟ್ ಇಟ್ ಔಟ್.

ಟೀಚರ್ ರೈಟ್ ಹಾಕಿದರು.
'ಇಟ್ ನಡುವೆ ಬರಬೇಕು ಅಂತ ನೆನಪಿಟ್ಟಿದ್ದೀರಿ' ಎಂದರು.
ಪುಟ ಮಗುಚಲಿಲ್ಲ. ಮತ್ತೊಮ್ಮೆ ಓದಿದರು.
ಏನೋ ಕೇಳಲು ಕನ್ನಡಕ ತೆಗೆದರು,
ಅಷ್ಟರಲ್ಲಿ ಕರೆಂಟು ಹೋಯಿತು.

'ವೆಂಟ್ ಆಫ್' ಎಂದ ಅಫ್ಸರ್ ಕತ್ತಲಲ್ಲಿ.
'ವೆಂಟ್ ಔಟ್' ಎಂದಳು ಒಬ್ಬಳು ಹುಡುಗಿ.
'ಎರಡೂ ಸರಿ' ಎಂದರು ಟೀಚರ್, ಮೇಣದಬತ್ತಿ ತಡಕುತ್ತ,
'ಬೆಂಕಿಪೊಟ್ಟಣ ಯಾರ ಹತ್ತಿರವಾದರೂ ಇದೆಯಾ?'

ನನ್ನ ಜೇಬಿನಲ್ಲಿತ್ತು.